ತುಟಿ ಮಿಕ್ಕಿದಾಗ

ನನ್ನ ಕೆಲಸ ಗುಂಪಿಗೆ ಧ್ವನಿ ಕೊಡೋದು. ಪರದೇಶದ ಕಾರ್ಟೂನ್ ಧಾರಾವಾಹಿಗಳು, ಈಗಿನವರು ಅನಿಮೆ ಅಂತಾರಲ್ಲ ಅವು, ನಮ್ಮ ಭಾಷೆಗೆ ಬರುವಾಗ ಹೀರೋಗೆ, ವಿಲನ್ನಿಗೆ, ಮಾತಾಡೋ ಬೆಕ್ಕಿಗೆ ಅಂತ ಒಬ್ಬೊಬ್ಬರನ್ನ ಗೊತ್ತು ಮಾಡ್ತಾರೆ. ಮಿಕ್ಕವರೆಲ್ಲ ನನ್ನ ಪಾಲು. ಮಾರ್ಕೆಟ್ಟಲ್ಲಿ ಚೌಕಾಸಿ ಮಾಡೋಳು ನಾನು, ಆಸ್ಪತ್ರೆಯ ನರ್ಸು ನಾನು. ರಾಕ್ಷಸ ಬಂದಾಗ "ಓಡಿ, ಓಡಿ" ಅಂತ ಕಿರುಚೋ ಹೆಂಗಸೂ ನಾನೇ, ಅವನು ಹೋದ ಮೇಲೆ "ಸದ್ಯ, ಬದುಕಿದ್ವಿ" ಅನ್ನೋ ಪಕ್ಕದ ಮನೆಯವಳೂ ನಾನೇ. ಈ ಕೆಲಸಕ್ಕೆ ಇರೋದು ಒಂದೇ ನಿಯಮ. ಕೇಳಿಸಬೇಕು, ಆದರೆ ನೆನಪಲ್ಲಿ ಉಳೀಬಾರದು. ಗುಂಪಿನವಳು ನೆನಪಲ್ಲಿ ಉಳಿದಳು ಅಂದ್ರೆ ಹೀರೋನ ಮಾತಿಗೆ ಅಡ್ಡ ಬಂದಳು ಅಂತ ಅರ್ಥ.

ಇದೇನು ಮಹಾ ಕೆಲಸ ಅಂತ ಮೂಗು ಮುರಿಯೋರು ಒಂದು ದಿನ ಬಂದು ಮೈಕಿನ ಮುಂದೆ ನಿಂತು ನೋಡಲಿ. ತೆರೆ ಮೇಲೆ ಬೊಂಬೆಯ ಬಾಯಿ ಬಿಚ್ಚಿದಾಗ ನಮ್ಮ ಮಾತು ಶುರುವಾಗಬೇಕು, ಮುಚ್ಚಿದಾಗ ಮುಗೀಬೇಕು. ಅವರ ಮಾತು ಉದ್ದ, ನಮ್ಮದು ಗಿಡ್ಡ. ಹಾಗಾಗಿ ಎಷ್ಟೋ ಸಲ ನಾವು ಹೇಳಿ ಮುಗಿಸಿದರೂ ಬೊಂಬೆಯ ತುಟಿ ಇನ್ನೂ ಒಂದು ಸಲ ಆಡುತ್ತೆ. ಅದಕ್ಕೆ ನಾವು ತುಟಿ ಮಿಕ್ಕಿದೆ ಅಂತೀವಿ. ಮಿಕ್ಕ ತುಟಿಗೆ ಏನಾದರೂ ತುಂಬಲೇಬೇಕು. ಕೆಲವರು ಕೆಮ್ತಾರೆ, ಕೆಲವರು ಉಸಿರು ಬಿಡ್ತಾರೆ. ನಾನು "ಹಾಂ?" ಅಂತೀನಿ. ಹೇಳಿದ್ದು ಕೇಳಿಸ್ತು ತಾನೇ ಅಂತ ವಿಚಾರಿಸೋ ಹಾಗೆ ಒಂದು ಸಣ್ಣ ಹಾಂ. ಅದು ಸ್ಕ್ರಿಪ್ಟಲ್ಲಿ ಇರಲ್ಲ, ಯಾರೂ ಗಮನಿಸೋದೂ ಇಲ್ಲ. ಗಮನಿಸಲ್ಲ ಅಂತ ನಾನು ಅಂದುಕೊಂಡಿದ್ದೆ.

ನನ್ನ ನಾದಿನಿಗೆ ಅದೇ ಸ್ಟುಡಿಯೋದಲ್ಲಿ ಹೀರೋ ಪಾತ್ರ. ಹುಡುಗರ ಪಾತ್ರಕ್ಕೆ ಹೆಂಗಸರು ಧ್ವನಿ ಕೊಡೋದು ನಮ್ಮಲ್ಲಿ ಮಾಮೂಲು. ಅವಳು ಗಂಡನ ಜೊತೆ ಏಗಲಾರದೆ ಕೈಗೂಸು ಎತ್ತಿಕೊಂಡು ಅಣ್ಣನ ಮನೆಗೆ, ಅಂದ್ರೆ ನಮ್ಮ ಮನೆಗೆ ಬಂದಾಗ, ಸುಮ್ಮನೆ ಕೂತರೆ ತಲೆ ಕೆಡುತ್ತೆ ಬಾರೇ ಅಂತ ಸ್ಟುಡಿಯೋಗೆ ಕರೆದುಕೊಂಡು ಹೋದವಳು ನಾನು. ಅವಳು ಒಂದು ಸಲ ಬಾಯಿ ತೆಗೆದಳು ನೋಡಿ, ಅಲ್ಲಿಂದಾಚೆ ಅವಳು ಹೀರೋ, ನಾನು ಅವಳ ಹಿಂದೆ ಓಡೋ ಜನ. ಹೊಟ್ಟೆ ಉರೀಲಿಲ್ವಾ ಅಂತ ಕೇಳ್ತೀರಾ? ಉರೀತು. ಉರ್ಕೊಂಡೇ ಅವಳಿಗೆ ದಿನಾ ಡಬ್ಬಿ ಕಟ್ಟಿ ಕಳಿಸಿದ್ದೀನಿ. ಗುಂಪಿನ ಕೆಲಸ ಮಧ್ಯಾಹ್ನದೊಳಗೆ ಮುಗಿದುಹೋಗುತ್ತೆ, ಹೀರೋದು ಮುಗಿಯೋಕೆ ಹೊತ್ತುಗೊತ್ತು ಇಲ್ಲ. ನಮಗೆ ಮಕ್ಕಳಿಲ್ಲ. ಹೀಗಾಗಿ ಅವಳ ಮಗಳು ಪುಟ್ಟಿ ಬೆಳೆದದ್ದು ನನ್ನ ಮಡಿಲಲ್ಲಿ. ಈಗ ಕಾಲೇಜಿಗೆ ಹೋಗ್ತಾಳೆ, ಪುಟ್ಟಿ ಅಂತ ಕರೆದರೆ ಮುಖ ಊದಿಸ್ತಾಳೆ, ಆದರೂ ನಾವು ಬಿಟ್ಟಿಲ್ಲ.

ಹೋದ ವರ್ಷ ನಾವು ಮಾಡಿದ್ದು ಒಂದು ಸೇತುವೆಗಳ ಊರಿನ ಕಥೆ. ಊರ ತುಂಬ ಕಾಲುವೆಗಳು, ಕಾಲುವೆಗಳ ಮೇಲೆ ಕಲ್ಲಿನ ಸೇತುವೆಗಳು. ಕೆಂಪು ಕೂದಲಿನ ಹುಡುಗ ಹೀರೋ, ಅವನು ನಾದಿನಿ. ಅವನ ತಾಯಿ ಅವನು ಚಿಕ್ಕವನಿದ್ದಾಗಲೇ ಕಾಲುವೆಗೆ ಬಿದ್ದು ಸತ್ತಿದ್ದಾಳೆ. ಅವನ ನೆನಪಲ್ಲಿ ಒಂದೇ ಒಂದು ಸಲ ಬಾಗಿಲಲ್ಲಿ ನಿಂತು, ಆಟಕ್ಕೆ ಹೋದ ಮಗನನ್ನ "ಬಾರೋ, ಸಾಕು ಬಾ" ಅಂತ ಕರೀತಾಳೆ. ಅಷ್ಟಕ್ಕೆ ಬೇರೆ ಯಾರನ್ನ ಕರೆಸೋದು ಅಂತ ಅದನ್ನ ನನ್ನ ಕೈಲೇ ಹೇಳಿಸಿದರು. ಇನ್ನು ಸೇತುವೆಗಳ ಮೇಲೆ ದೀಪ ಹಚ್ಚೋ ಒಬ್ಬ ಹೆಂಗಸು ಇದ್ದಾಳೆ. ಬೂದು ಬಟ್ಟೆ, ಕೈಯಲ್ಲಿ ಉದ್ದನೆ ಕೋಲು, ಮುಖ ಸರಿಯಾಗಿ ಕಾಣಿಸೋದೇ ಇಲ್ಲ. ಆಗಾಗ ಬರ್ತಾಳೆ, ದಾಟೋರಿಗೆಲ್ಲ "ಹುಷಾರು, ಮೆಟ್ಟಿಲು ಒದ್ದೆ ಇದೆ" ಅಂತಾಳೆ, ಹೋಗ್ತಾಳೆ. ಅವಳೂ ನಾನೇ. ಎರಡು ಕಡೆಯೂ ತುಟಿ ಮಿಕ್ಕಿತ್ತು. ಎರಡು ಕಡೆಯೂ ನಾನು ಹಾಂ ತುಂಬಿದ್ದೆ. ಡಬ್ಬಿಂಗಿನವರು ಮುಂದಿನ ಕಥೆ ಓದಿಕೊಂಡು ಕೆಲಸ ಮಾಡಲ್ಲ. ಬಂದ ಕಂತನ್ನ ಬಂದ ಹಾಗೆ ಮುಗಿಸ್ತೀವಿ.

ಈ ವರ್ಷ ಎರಡನೇ ಭಾಗದ ಸ್ಕ್ರಿಪ್ಟು ಬಂತು. ಓದ್ತಾ ಓದ್ತಾ ನಾನು ಕೂತಲ್ಲೇ ನೆಟ್ಟಗಾದೆ. ಇಡೀ ಭಾಗ ದೀಪದವಳದ್ದು. ಹುಡುಗನ ತಾಯಿ ಸತ್ತ ಸಂಜೆ ಯಾರದೋ ಮೇಲಿನ ಸಿಟ್ಟಿಗೆ ಆ ಒಂದು ಸೇತುವೆಯ ದೀಪ ಹಚ್ಚದೆ ಮನೆಗೆ ಹೋದವಳು ಇವಳು. ಕತ್ತಲಲ್ಲಿ ಒದ್ದೆ ಮೆಟ್ಟಿಲು ಕಾಣದೆ ಆ ತಾಯಿ ಜಾರಿದಳು. ಅವತ್ತಿಂದ ದೀಪದವಳ ಬಾಯಲ್ಲಿ ಅದೊಂದೇ ಮಾತು. ಈಗ ಹುಡುಗನ ಎದುರಿಗೆ ನಿಂತು ಅದನ್ನ ಒಪ್ಪಿಕೊಳ್ಳಬೇಕು, ಪುಟಗಟ್ಟಲೆ ಮಾತು. ಆ ಪಾತ್ರ ನನಗೆ ಬೇಕಿತ್ತು. ಸುತ್ತಿ ಬಳಸಿ ಹೇಳಲ್ಲ, ಬೇಕೇ ಬೇಕಿತ್ತು. ಇಷ್ಟು ವರ್ಷ ಓಡಿ ಓಡಿ ಅಂತ ಕಿರುಚಿದ ಗಂಟಲಿಗೆ ಒಂದು ಸಲ ನಿಂತು ಮಾತಾಡೋ ಅವಕಾಶ ಬಂದಿತ್ತು.

ಆ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಪುಟ್ಟಿ ಫೋನು ಹಿಡಿದುಕೊಂಡೇ ಬಂದಳು. ಅವಳೂ ಅವಳ ಹಾಗೇ ಅನಿಮೆ ಹುಚ್ಚಿನವರೂ ಸೇರಿ ಇಂಟರ್ನೆಟ್ಟಲ್ಲಿ ಒಂದು ಪುಟ ನಡೆಸ್ತಾರೆ. ಅಲ್ಲಿ ವಾರವಿಡೀ ಒಂದೇ ಜಗಳ ನಡೆದಿತ್ತಂತೆ, ಯಾವ ಪಾತ್ರ ಮನಸ್ಸಲ್ಲಿ ಉಳಿಯುತ್ತೆ, ಯಾವುದು ಮರೆತುಹೋಗುತ್ತೆ, ಯಾಕೆ ಅಂತ.

"ಮರೆತುಹೋಗೋರಲ್ಲಿ ಕೆಂಪು ಕೂದಲಿನವನೇ ಮೊದಲು" ಅಂದಳು ಪುಟ್ಟಿ.

ನಾದಿನಿಯ ಕೈ ತಟ್ಟೆಯಲ್ಲೇ ನಿಂತಿತು. "ಯಾರು, ನಾನಾ?"

"ನೀನಲ್ಲಮ್ಮ, ಅವನು."

"ಅವನು ಬೇರೆ, ನಾನು ಬೇರೆನಾ? ಗಂಟಲು ಹರ್ಕೊಂಡೋಳು ನಾನು."

"ಅದೇ ಅಮ್ಮ. ಅವನು ಎಲ್ಲಾನೂ ಕೂಗಿಬಿಡ್ತಾನೆ. ದುಃಖ ಆದ್ರೆ ದುಃಖ ಅಂತ ಕೂಗ್ತಾನೆ, ಬಿಡಲ್ಲ ಅಂದ್ರೆ ಬಿಡಲ್ಲ ಅಂತ ಕೂಗ್ತಾನೆ. ಒಳ್ಳೆಯವನೇ, ಆದ್ರೆ ನಾನು ಊಹೆ ಮಾಡೋಕೆ ಏನೂ ಉಳಿಸಲ್ಲ. ಟಿ.ವಿ. ಆರಿಸಿದ್ರೆ ಅವನೂ ಆರಿಹೋದ."

"ಹಾಗಾದ್ರೆ ಯಾರಪ್ಪಾ ಉಳಿಯೋರು?" ಅಂದೆ ನಾನು, ನಾದಿನಿಯ ಮುಖ ನೋಡಲಾರದೆ.

"ನನಗೆ ಆ ಬೆಕ್ಕು ಚೆನ್ನಾಗಿ ನೆನಪಿದೆ" ಅಂದರು ನನ್ನ ಗಂಡ. ಅವರ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಪುಟ್ಟಿ ಹೇಳಿದಳು. ಕೆಲವರ ಪ್ರಕಾರ ಎಲ್ಲಾ ಇರೋದು ಆಕಾರದಲ್ಲಿ. ಕೂದಲು, ಟೋಪಿ, ಕಣ್ಣಿನ ಬಣ್ಣ, ಕಪ್ಪು ಬಳಿದು ಬರೀ ನೆರಳು ಮಾಡಿದರೂ ಇಂಥವನೇ ಅಂತ ಗುರುತು ಸಿಗಬೇಕು. ಇನ್ನು ಕೆಲವರಿಗೆ ಹಿಂದಿನ ಕಥೆ ಮುಖ್ಯ, ಎಷ್ಟು ನೋವು ತಿಂದಿದ್ದಾನೋ ಅಷ್ಟು ನೆನಪಿರ್ತಾನೆ. ಇವಳು ಎರಡೂ ಒಪ್ಪಲ್ಲ. "ದೀಪದವಳಿಗೆ ಆಕಾರವೂ ಇಲ್ಲ, ಕಥೆಯೂ ಇಲ್ಲ. ಆದ್ರೂ ನಾವೆಲ್ಲ ಅವಳ ಬಗ್ಗೆನೇ ಮಾತಾಡ್ತಿದ್ದೀವಿ. ಕಂಡೋರಿಗೆಲ್ಲ ಮೆಟ್ಟಿಲು ಒದ್ದೆ ಇದೆ ಅಂತ ಯಾಕೆ ಹೇಳಬೇಕು? ಅವಳು ಏನೋ ಮುಚ್ಚಿಡ್ತಿದ್ದಾಳೆ ಅತ್ತೆ. ಏನೂಂತ ನಾನು ಕಂಡುಹಿಡಿದೆ." ಬೆನ್ನು ನೆಟ್ಟಗೆ ಮಾಡಿಕೊಂಡಳು. "ಅವಳೇ ಹೀರೋನ ತಾಯಿ. ಸತ್ತಿಲ್ಲ."

ನಾನೂ ನಾದಿನಿಯೂ ಮುಖ ಮುಖ ನೋಡಿಕೊಂಡೆವು. ಸ್ಕ್ರಿಪ್ಟಿನ ವಿಷಯ ಮನೆಯವರಿಗೂ ಹೇಳೋ ಹಾಗಿಲ್ಲ.

"ಅದು ಹೇಗೆ ಹೇಳ್ತೀಯಾ?" ಅಂದೆ.

"ಹಾಂ ಇಂದ. ಮೆಟ್ಟಿಲು ಒದ್ದೆ ಇದೆ, ಹಾಂ? ಬಾರೋ, ಸಾಕು ಬಾ, ಹಾಂ? ಇಬ್ಬರದ್ದೂ ಅದೇ ಹಾಂ. ನೀವು ಧ್ವನಿ ಎಷ್ಟೇ ಬದಲಾಯಿಸಿದ್ರೂ ನನಗೆ ಗೊತ್ತಾಗಲ್ವಾ ಅತ್ತೆ? ಗೇಟಿನ ಹತ್ತಿರ ನಿಂತು ನನ್ನನ್ನ ಆಟದಿಂದ ಕರೀತಿದ್ದದ್ದು ಹಾಗೇ ಅಲ್ವಾ? ಮೊದಲು ಒಬ್ಬರೇ ಎರಡು ಪಾತ್ರ ಮಾಡಿದ್ದಾರೆ ಅಷ್ಟೇ ಅಂದ್ಕೊಂಡೆ. ಆಮೇಲೆ ಅನ್ನಿಸ್ತು, ಇದು ಬೇಕಂತಲೇ ಕೊಟ್ಟಿರೋ ಸುಳಿವು. ಪುಟದಲ್ಲಿ ಹಾಕಿದೆ, ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ಬೇರೆ ಪುಟದವರೂ ಎತ್ಕೊಂಡು ಹಾಕಿದ್ದಾರೆ."

ನನಗೆ ದಿಗಿಲಾಯಿತು. ಎರಡು ಕಾರಣಕ್ಕೆ. ಮೊದಲನೇದು, ನಾನು ತುಂಬಿದ ಒಂದು ಹಾಂ ಇಂದ ಜನ ಕೊಂದವಳನ್ನೇ ತಾಯಿ ಅಂತ ನಂಬಿ ಕೂತಿದ್ದಾರೆ. ಎರಡನೇದು, ಆ ಕರೆ ನಾನು ನಟಿಸಿದ್ದು ಅಂತಲೇ ಅಂದುಕೊಂಡಿದ್ದೆ. ಗೇಟಿನ ಹತ್ತಿರ ನಿಂತು ಇವಳನ್ನ ಕರೀತಿದ್ದದ್ದನ್ನೇ ಮೈಕಿಗೆ ಕೊಟ್ಟು ಬಂದಿದ್ದೀನಿ ಅಂತ ನನಗೇ ತಿಳಿದಿರಲಿಲ್ಲ.

ಡೈರೆಕ್ಟರ್ ಮೇಡಂ ವಾರದೊಳಗೇ ಕರೆಸಿದರು. ನನಗಿಂತ ತುಂಬ ಚಿಕ್ಕವರು, ನನ್ನನ್ನ ಅಕ್ಕಾ ಅಂತಾರೆ. ಅಕ್ಕಾ ಅಂತ ಎಳೆದು ಕರೆದಾಗಲೇ ಏನೋ ಕಹಿ ಬರ್ತಿದೆ ಅಂತ ತಿಳ್ಕೊಂಡೆ.

"ಅಕ್ಕಾ, ಆ ಸುದ್ದಿ ಕಂಪನಿಯವರೆಗೂ ಹೋಗಿದೆ. ದೀಪದವಳೇ ತಾಯಿ ಅಂತ ಜನ ಕಾಯ್ತಾ ಕೂತರೆ ನಿಜ ಹೊರಗೆ ಬೀಳೋ ಹೊತ್ತಿಗೆ ನಗ್ತಾರೆ. ಇಡೀ ಭಾಗ ಕೆಟ್ಟುಹೋಗುತ್ತೆ. ಎರಡರಲ್ಲಿ ಒಂದು ಧ್ವನಿ ಬದಲಾಗಲೇಬೇಕು ಅಂದಿದ್ದಾರೆ. ದೀಪದವಳಿಗೆ ರೇಡಿಯೋದವರೊಬ್ಬರನ್ನ ಕೇಳೋಣ ಅಂತಿದ್ದೀನಿ. ಈಗ ದೊಡ್ಡ ಪಾತ್ರ ಅಲ್ವಾ, ನೆನಪಲ್ಲಿ ಉಳಿಯೋ ಧ್ವನಿ ಬೇಕು."

ನನಗೆ ರೇಗಿಹೋಯಿತು. "ಉಳಿದಿದೆಯಲ್ಲ ಮೇಡಂ. ಉಳಿದದ್ದಕ್ಕೇ ತಾನೇ ಈ ರಾದ್ಧಾಂತ? ಯಾರಿಗೂ ನೆನಪಿರದ ಧ್ವನಿ ಆಗಿದ್ರೆ ಯಾರು ಹಾಂ ಹಿಡ್ಕೊಂಡು ಓಡಾಡ್ತಿದ್ರು? ಕಂಚಿನ ಕಂಠದವರು ಬಂದು ಮೆಟ್ಟಿಲು ಒದ್ದೆ ಇದೆ ಅಂದ್ರೆ ಮೊದಲನೇ ಸಲಕ್ಕೇ ಎಲ್ಲರಿಗೂ ಗೊತ್ತಾಗುತ್ತೆ, ಇವಳು ಯಾರೋ ದೊಡ್ಡೋಳು ಅಂತ. ಆಮೇಲೆ ಅವಳು ಮುಚ್ಚಿಡೋದು ಏನನ್ನ?"

ಇಷ್ಟು ವರ್ಷದಲ್ಲಿ ನಾನು ಸ್ಟುಡಿಯೋದಲ್ಲಿ ಅಷ್ಟು ಮಾತಾಡಿದ್ದೇ ಇಲ್ಲ. ಮೇಡಂ ಪೆನ್ನು ಮೇಜಿನ ಮೇಲಿಟ್ಟರು.

"ಹಾಗಾದ್ರೆ ತಾಯಿಯದ್ದು ತೆಗೀಬೇಕಾಗುತ್ತೆ ಅಕ್ಕಾ. ಮೊದಲನೇ ಭಾಗದ ಆ ಕರೆಯನ್ನೂ ಬೇರೆಯವರ ಕೈಲಿ ಹೇಳಿಸಿ, ಹಳೇದನ್ನ ಅಳಿಸಬೇಕು. ನಿಮಗೆ ಒಪ್ಪಿಗೆನಾ?"

"ತೆಗೀರಿ" ಅಂದುಬಿಟ್ಟೆ. ಯೋಚನೆ ಮಾಡೋಕೆ ಪುರುಸೊತ್ತೇ ಕೊಡಲಿಲ್ಲ ನಾನು, ಎಲ್ಲಿ ಮನಸ್ಸು ಬದಲಾಯಿಸಿಬಿಡ್ತಾರೋ ಅಂತ.

ತಾಯಿ ಪಾತ್ರಕ್ಕೆ ಯಾರು ಅಂತ ಕೇಳಿದಾಗ ಮೇಡಂ ನನ್ನ ನಾದಿನಿಯನ್ನೇ ಹೇಳಿದರು. ಮಗನ ಧ್ವನಿಯಲ್ಲಿ ತಾಯಿಯ ಛಾಯೆ ಇರೋದು ಸಹಜ, ಯಾರೂ ತಪ್ಪು ತಿಳಿಯಲ್ಲ ಅಂತ. ಮೆಟ್ಟಿಲು ಇಳಿದು ಬೀದಿಗೆ ಬಂದ ಮೇಲೆ ನನಗೆ ಸಂಕಟ ಶುರುವಾಯಿತು. ಕೇಳಿ ಪಡೆದ ಪಾತ್ರ ಕೈಯಲ್ಲಿದೆ, ಕುಣೀಬೇಕು. ಕುಣಿಯೋಕೆ ಕಾಲೇ ಏಳಲಿಲ್ಲ. ಪುಟ್ಟಿಯನ್ನ ಕರೆದ ಕರೆಯನ್ನ ಒರೆಸಿಹಾಕಿ ಅಂತ ನಾನೇ ಹೇಳಿ ಬಂದಿದ್ದೆ. ಅದೂ ಯಾರಿಗೆ ಕೊಟ್ಟು? ಅವಳಿಗೆ. ಎಲ್ಲಾ ಅವಳಿಗೇ ಹೋಗಬೇಕಾ?

ಕಥೆ ಬಿಡಿಸದೆ, ಕರೆ ಅಳಿಸೋ ವಿಷಯ ಮಾತ್ರ ಮನೆಯಲ್ಲಿ ಹೇಳಿದಾಗ ಪುಟ್ಟಿ ಬಿಳಿಚಿಕೊಂಡಳು. "ನನ್ನಿಂದ ಆಯ್ತು ಅತ್ತೆ."

"ನಿನ್ನ ಕಿವಿಯಿಂದ ಆಯ್ತು. ಆ ಕಿವಿ ಹಿಂಡೋಳು ನಾನೇ, ಬೇರೆ ಯಾರೂ ಅಲ್ಲ. ಏಳು, ನಾಳೆ ರೆಕಾರ್ಡಿಂಗಿಗೆ ನೀನೂ ಬಾ."

ಮಾರನೇ ದಿನ ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ನಾದಿನಿ ಮೈಕಿನ ಮುಂದೆ ನಿಂತಳು, ಹೇಳಿಕೊಡೋಕೆ ಅಂತ ನಾನು ಅವಳ ಪಕ್ಕದಲ್ಲಿ. ಗಾಜಿನಾಚೆ ಮೇಡಮ್ಮು, ಸೌಂಡಿನವರು, ಅವರ ಹಿಂದೆ ಸ್ಟೂಲಿನ ಮೇಲೆ ಪುಟ್ಟಿ. ತೆರೆ ಮೇಲೆ ಮುಸ್ಸಂಜೆ, ತೆರೆದ ಬಾಗಿಲು, ಬಾಗಿಲಲ್ಲಿ ತಾಯಿಯ ನೆರಳು.

"ಬಾರೋ, ಸಾಕು ಬಾ" ಅಂದಳು ನಾದಿನಿ. ಸೈನ್ಯಕ್ಕೆ ಕರೆ ಕೊಟ್ಟ ಹಾಗಿತ್ತು. ಇನ್ನೊಂದು ಸಲ ಅಂದಳು, ಸೋಪಿನ ಜಾಹೀರಾತು. ಮೂರನೇ ಸಲ ನನ್ನನ್ನೇ ಅಚ್ಚು ಹೊಡೆದ ಹಾಗೆ ಹೇಳಿ, ಕೊನೆಗೆ ಹಾಂ ಕೂಡ ಸೇರಿಸಿದಳು.

"ಹಾಂ ಬೇಡ" ಅಂದರು ಮೇಡಂ ಹೆಡ್‌ಫೋನಲ್ಲಿ. "ತುಟಿ ಮಿಕ್ಕಿದ್ದಕ್ಕೆ ನಿಮ್ಮದೇ ಏನಾದರೂ ಬರಲಿ. ತಾಯಿ ಕರೀತಿದ್ದಾಳೆ, ಹೀರೋ ಅಲ್ಲ."

ನಾನು ಹೇಳಿಕೊಟ್ಟೆ. ಗೇಟಿಗೆ ಒರಗಿಕೋ, ಒಲೆ ಮೇಲೆ ಏನೋ ಇಟ್ಟು ಬಂದಿದ್ದೀಯಾ, ಮಗು ಒಂದೇ ಸಲಕ್ಕೆ ಬರಲ್ಲ ಅಂತ ಗೊತ್ತು, ಆದ್ರೂ ಕರೀತೀಯಾ. ಹೇಳ್ತಾ ಹೇಳ್ತಾ ನನಗೇ ಹೊಳೀತು. ಅವಳ ಮಗಳನ್ನ ಕರೆಯೋದು ಹೇಗೆ ಅಂತ ಅವಳಿಗೆ ನಾನು ಪಾಠ ಹೇಳ್ತಾ ಇದ್ದೆ. ಅವಳಿಗೂ ಅದೇ ತಟ್ಟಿತು ಅಂತ ಕಾಣುತ್ತೆ. ಹೆಡ್‌ಫೋನು ತೆಗೆದು ಕುತ್ತಿಗೆಗೆ ಹಾಕಿಕೊಂಡಳು.

"ನನಗೆ ಬರಲ್ಲ ಅತ್ತಿಗೆ. ನಾನು ಯಾವತ್ತು ಕರೆದಿದ್ದೀನಿ ಹೇಳಿ? ಸಂಜೆ ಹೊತ್ತು ನಾನು ಇಲ್ಲಿ ಯಾವುದೋ ಬೊಂಬೆ ಹುಡುಗನ ಪರವಾಗಿ ಕೂಗ್ತಾ ಇದ್ದೆ. ನನ್ನ ಮಗಳನ್ನ ಕರೆದೋರು ನೀವು. ನಾನು ಬರೋ ಹೊತ್ತಿಗೆ ಅವಳು ಮಲಗಿರ್ತಿದ್ದಳು."

ಮೈಕು ತೆರೆದೇ ಇತ್ತು. ಆಚೆಗೆ ಎಲ್ಲಾ ಕೇಳಿಸ್ತಿದೆ ಅಂತ ಇಬ್ಬರಿಗೂ ಆ ಕ್ಷಣ ಹೊಳೀಲಿಲ್ಲ. ಹೌದು, ನಾನೇ ಕರೆದೆ ಅಂತ ಒಂದು ಮಾತು ನನ್ನ ನಾಲಿಗೆ ತುದೀಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

"ಬಂದ ಮೇಲೆ ಏನು ಮಾಡ್ತಿದ್ದೆ?" ಅಂದೆ.

"ಏನು ಮಾಡ್ಲಿ? ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಕೋಣೆ ಬಾಗಿಲಲ್ಲಿ ನಿಂತ್ಕೋತಿದ್ದೆ. ಮಲಗಿದ್ದೀಯೇನೇ, ಬಂದೆ ಕಣೇ, ಅಂತಿದ್ದೆ. ಎದ್ದುಬಿಟ್ಟರೆ ನೀವು ಬೈತೀರಿ ಅಂತ ಮೆತ್ತಗೆ."

"ಹಾಗೇ ಕರಿ."

"ಆಚೆ ಆಡ್ತಿರೋ ಮಗನನ್ನ ಹಾಗೆ ಕರೀತಾರಾ?"

"ಕರಿ ಸುಮ್ಮನೆ."

ಅವಳು ಹೆಡ್‌ಫೋನು ಹಾಕಿಕೊಂಡು ಮೈಕಿಗೆ ಹತ್ತಿರ ಬಂದಳು. ತೆರೆ ಮೇಲೆ ಬಾಗಿಲು ತೆರೀತು. "ಬಾರೋ," ಅಂದಳು, "ಸಾಕು, ಬಾ." ಯಾರಿಗೂ ಕೇಳಿಸದಿರಲಿ ಅಂತ ಕರೆದ ಹಾಗಿತ್ತು. ಮಿಕ್ಕ ತುಟಿಗೆ ಇನ್ನೇನೋ ಹೇಳೋಕೆ ಶುರು ಮಾಡಿ, ಎಲ್ಲಿ ಎಚ್ಚರ ಆಗಿಬಿಡುತ್ತೋ ಅನ್ನೋ ಹಾಗೆ ಉಸಿರಲ್ಲೇ ನಿಲ್ಲಿಸಿಬಿಟ್ಟಳು. ಅದೆಲ್ಲಿಯ ಕರೆ, ಬೀದಿಗೆ ಮುಟ್ಟಲ್ಲ ಅಂತ ತಕರಾರು ತೆಗೆಯೋಣ ಅಂತ ನಾನು ಬಾಯಿ ತೆರೆದೆ. ಆಮೇಲೆ ಬೇಡ ಅನ್ನಿಸಿತು. ನನ್ನ ಕರೆಯಲ್ಲಿ ಮಗು ಇನ್ನೇನು ಓಡಿ ಬರುತ್ತೆ ಅನ್ನೋ ಧೈರ್ಯ ಇತ್ತು. ಇವಳ ಕರೆಯಲ್ಲಿ ಇರಲಿಲ್ಲ. ಸತ್ತ ತಾಯಿಗೆ ಬೇಕಾಗಿದ್ದದ್ದು ಇವಳದೇ. ನನ್ನದು ತಪ್ಪಾಗಿತ್ತು ಅಂತ ಅಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ, ನನಗೆ ಆಗ ಗೊತ್ತಾಯಿತು. ಹೊಟ್ಟೆಯೂ ಉರೀತು, ಕಣ್ಣೂ ತುಂಬಿತು.

ಹೆಡ್‌ಫೋನಲ್ಲಿ ಗುಂಡಿ ಒತ್ತಿದ ಸದ್ದಾಯಿತು. ತಿರುಗಿ ನೋಡಿದರೆ ಗಾಜಿನಾಚೆ ಪುಟ್ಟಿ ಸೌಂಡಿನವರನ್ನ ದಾಟಿ ಬಂದು, ನಮ್ಮ ಜೊತೆ ಮಾತಾಡೋ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು.

"ಮಲಗಿರ್ತಿರಲಿಲ್ಲಮ್ಮ" ಅಂದಳು. "ನೀನು ಬರೋವರೆಗೂ ಎದ್ದೇ ಇರ್ತಿದ್ದೆ. ಬಂದೆ ಕಣೇ ಅಂತಿದ್ದೆಯಲ್ಲ, ಅದು ಕೇಳಿಸಿದ ಮೇಲೆ ನಿದ್ದೆ ಮಾಡ್ತಿದ್ದೆ."

ನಾದಿನಿ ಮೈಕಿನ ಕಂಬ ಹಿಡಿದುಕೊಂಡಳು. "ಮತ್ತೆ ಮಾತಾಡ್ತಿರಲಿಲ್ಲ ಯಾಕೆ?"

"ಮಾತಾಡಿದ್ರೆ ಅತ್ತೆ ನಿನಗೆ ಬೈತಿದ್ರು."

ನಾನು ಅಲ್ಲಿಗೆ ಸುಮ್ಮನಿರಬೇಕಿತ್ತು. ಇರೋಕೆ ಆಗಲಿಲ್ಲ.

"ಹಾಗಾದ್ರೆ ನಾನು ಪಕ್ಕದಲ್ಲಿ ಕೂತು ತಟ್ಟಿ ಮಲಗಿಸ್ತಿದ್ದೆನಲ್ಲೇ, ಆಗ?"

ಪುಟ್ಟಿ ಗುಂಡಿಯಿಂದ ಬೆರಳು ತೆಗೆದಳು, ಮತ್ತೆ ಒತ್ತಿದಳು.

"ನೀವು ತುಂಬ ಸುಸ್ತಾಗಿರ್ತಿದ್ರಿ ಅತ್ತೆ. ಬೇಗ ಹೋಗಿ ಮಲಗಲಿ ಅಂತ ಕಣ್ಣು ಮುಚ್ಚಿಕೊಂಡು ಉಸಿರು ಉದ್ದಕ್ಕೆ ಎಳೀತಿದ್ದೆ."

ಆ ಉದ್ದನೆ ಉಸಿರು ನನಗೆ ಚೆನ್ನಾಗಿ ನೆನಪಿದೆ. ಅದು ಕೇಳಿಸಿದ ಮೇಲೇ ನಾನು ಏಳ್ತಿದ್ದದ್ದು. ಈ ಮಗು ನನ್ನ ಕೈಯಲ್ಲಲ್ಲದೆ ಬೇರೆ ಯಾರ ಕೈಯಲ್ಲೂ ನಿದ್ದೆ ಹೋಗಲ್ಲ ಅಂತ ಗಂಡನ ಹತ್ತಿರ ದಿನಾ ಹೇಳಿಕೊಂಡು ಮಲಗ್ತಿದ್ದೆ.